ಇಬ್ಬರ ನಡುವಿನ ಕೆಲಸ



ಒಂದು ಸಂಸ್ಥೆ ಚೆನ್ನಾಗಿ ನಡೆಯುತ್ತಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ನಾವು ಸಾಮಾನ್ಯವಾಗಿ ಎರಡು ಕಡೆ ನೋಡುತ್ತೇವೆ. ಮೇಲೆ ಕುಳಿತವರು ಯಾರು ಎಂದು ವಿಚಾರಿಸುತ್ತೇವೆ, ಲೆಕ್ಕಪತ್ರ ಏನು ಹೇಳುತ್ತದೆ ಎಂದು ಕೇಳುತ್ತೇವೆ. ಹೊಸ ಹೆಡ್‌ಮಾಸ್ತರರು ಬಂದರು, ಶಾಲೆ ಸುಧಾರಿಸಿತು. ಮ್ಯಾನೇಜರ್ ದಕ್ಷರು, ಬ್ಯಾಂಕಿನ ಶಾಖೆ ಮೇಲೆದ್ದಿತು. ಇದರಲ್ಲಿ ಸುಳ್ಳಿಲ್ಲ. ಆದರೂ ದಿನದ ಕೆಲಸ ಸಾಗುವುದು ಅಥವಾ ಕೆಡುವುದು ಬೇರೊಂದು ಜಾಗದಲ್ಲಿ. ಪಕ್ಕಪಕ್ಕ ನಿಂತು ದುಡಿಯುವ ಇಬ್ಬರ ನಡುವೆ ಆ ಜಾಗ ಇರುತ್ತದೆ. ಡಾಕ್ಟರು ಮತ್ತು ಸಿಸ್ಟರು, ಮೇಸ್ತ್ರಿ ಮತ್ತು ಕೈಯಾಳು, ಕೇಸ್ ವರ್ಕರು ಮತ್ತು ಸೂಪರಿಂಟೆಂಡೆಂಟರು, ಹಗಲು ಪಾಳಿಯವರು ಮತ್ತು ರಾತ್ರಿ ಪಾಳಿಯವರು. ಇಂಥ ಇಬ್ಬರ ಸಂಬಂಧ ಇಡೀ ಸಂಸ್ಥೆಯನ್ನು ಹೇಗೆ ಎತ್ತುತ್ತದೆ, ಹೇಗೆ ಕೆಡವುತ್ತದೆ ಎಂಬುದರ ಬಗ್ಗೆ ಇವತ್ತು ನಿಮ್ಮೊಂದಿಗೆ ಮಾತಾಡಬೇಕೆಂದಿದ್ದೇನೆ.

ನಮ್ಮ ಹಳ್ಳಿಗಾಡಿನ ಸರ್ಕಾರಿ ಬಸ್ಸನ್ನೇ ತೆಗೆದುಕೊಳ್ಳಿ. ಡ್ರೈವರು ಒಬ್ಬರು, ಕಂಡಕ್ಟರು ಒಬ್ಬರು. ಬಸ್ಸು ಒಂದೇ ಆದರೂ ಡಿಪೋದಲ್ಲಿ ಇಬ್ಬರ ಲೆಕ್ಕ ಬೇರೆ ಬೇರೆ. ಲೀಟರ್ ಡೀಸೆಲಿಗೆ ಎಷ್ಟು ಕಿಲೋಮೀಟರು ಬಂತು, ಟೈಮಿಗೆ ಸರಿಯಾಗಿ ಮುಟ್ಟಿತೆ, ಗಾಡಿಗೆ ಪೆಟ್ಟಾಯಿತೆ ಎಂದು ಡ್ರೈವರನ್ನು ಕೇಳುತ್ತಾರೆ. ಕಲೆಕ್ಷನ್ ಎಷ್ಟಾಯಿತು, ತಪಾಸಣೆಯವರು ಹತ್ತಿದಾಗ ಟಿಕೆಟ್ ಇಲ್ಲದವರು ಸಿಕ್ಕರೆ ಎಂದು ಕಂಡಕ್ಟರನ್ನು ಕೇಳುತ್ತಾರೆ. ಈಗ ಸಂತೆಯ ದಿನ ಎಂದುಕೊಳ್ಳಿ. ಬಸ್ಸು ಹೊರಟಿದೆ. ತಲೆಯ ಮೇಲೆ ಗಂಟು ಹೊತ್ತ ರೈತರೊಬ್ಬರು ಕೈ ಎತ್ತಿ ಓಡಿ ಬರುತ್ತಿದ್ದಾರೆ. ನಿಲ್ಲಿಸಿದರೆ ಡ್ರೈವರ ಡೀಸೆಲ್ ಹೋಯಿತು, ಎರಡು ನಿಮಿಷ ಹೋಯಿತು. ನಿಲ್ಲಿಸದಿದ್ದರೆ ಕಂಡಕ್ಟರ ಟಿಕೆಟ್ ಹೋಯಿತು. ಇನ್ನು ಸ್ವಲ್ಪ ಮುಂದೆ ಸ್ಟೇಜ್ ಬರುತ್ತದೆ, ಹಿಂದಿನ ಸೀಟಿನ ತನಕ ಟಿಕೆಟ್ ಕೊಟ್ಟಾಗಿಲ್ಲ. ಡ್ರೈವರು ಕನ್ನಡಿಯಲ್ಲಿ ಇದನ್ನು ಕಂಡು ಗಾಡಿಯ ವೇಗ ತಗ್ಗಿಸಿದರೆ ಕಂಡಕ್ಟರು ಬಚಾವು. ಕಂಡೂ ಕಾಣದ ಹಾಗೆ ಎಳೆದುಬಿಟ್ಟರೆ, ತಿರುವಿನಾಚೆ ತಪಾಸಣೆಯ ಜೀಪು ನಿಂತಿದ್ದ ದಿನ ಮೆಮೊ ಸಿಗುವುದು ಕಂಡಕ್ಟರಿಗೆ. ಇಕ್ಕಟ್ಟಿನಲ್ಲಿ ಗಾಡಿ ಹಿಂದಕ್ಕೆ ತೆಗೆಯುವಾಗ ಕೆಳಗಿಳಿದು ಸೀಟಿ ಊದಬೇಕಾದವರು ಕಂಡಕ್ಟರು. ಬಾಗಿಲಲ್ಲೇ ನಿಂತು ಅರೆಮನಸ್ಸಿನಿಂದ ರೈಟ್ ರೈಟ್ ಎಂದರೆ, ಹಿಂದಿನ ಕಂಬಕ್ಕೆ ತಾಗಿದ ಪೆಟ್ಟು ಡ್ರೈವರ ಹೆಸರಿಗೆ.

ಇಂಥ ಇಬ್ಬರು ಒಂದೇ ಮಾರ್ಗದಲ್ಲಿ ಕೆಲವು ಕಾಲ ಜೊತೆಗಿದ್ದು ಹೊಂದಿಕೊಂಡರೆ ಅವರ ನಡುವೆ ಮಾತೇ ಬೇಕಾಗುವುದಿಲ್ಲ. ಯಾವ ಕ್ರಾಸಿನಲ್ಲಿ ಹೈಸ್ಕೂಲು ಮಕ್ಕಳು ಎಷ್ಟು ಹೊತ್ತಿಗೆ ನಿಂತಿರುತ್ತಾರೆ, ಯಾವ ಊರಿನ ಹಾಲಿನ ಕ್ಯಾನು ಏರಿಸಲು ಹೊತ್ತು ಹಿಡಿಯುತ್ತದೆ ಎಂಬುದೆಲ್ಲ ಇಬ್ಬರಿಗೂ ಬಾಯಿಪಾಠ. ವಸತಿ ಬಸ್ಸಾದರಂತೂ ಊಟವೂ ಒಟ್ಟಿಗೆ, ಮಲಗುವುದೂ ಅದೇ ಬಸ್ಸಿನೊಳಗೆ. ಅದೇ ಇಬ್ಬರು ಮಾತು ಬಿಟ್ಟರೆ ಪ್ರಯಾಣಿಕರಿಗೂ ಗೊತ್ತಾಗುತ್ತದೆ. ಸೀಟಿ ಕರ್ಕಶವಾಗುತ್ತದೆ, ಬ್ರೇಕು ಒರಟಾಗುತ್ತದೆ, ಕೈ ಎತ್ತಿದವರು ಧೂಳಿನಲ್ಲೇ ನಿಂತಿರುತ್ತಾರೆ. ಕ್ರಮೇಣ ಆ ಊರಿನವರು ಟೆಂಪೊ ಹತ್ತುವುದನ್ನು ರೂಢಿ ಮಾಡಿಕೊಳ್ಳುತ್ತಾರೆ. ವರ್ಷದ ಕೊನೆಗೆ ಈ ಮಾರ್ಗ ನಷ್ಟದಲ್ಲಿದೆ ಎಂದು ಕಾಗದ ಬರುತ್ತದೆ. ಡೀಸೆಲ್ ಬೆಲೆ ಏರಿತು ಎಂದು ಬರೆಯಬಹುದು, ರಸ್ತೆ ಕೆಟ್ಟಿದೆ ಎಂದು ಬರೆಯಬಹುದು. ಆ ಇಬ್ಬರು ಮಾತು ಬಿಟ್ಟಿದ್ದರು ಎಂದು ಬರೆಯುವುದಕ್ಕೆ ಯಾವ ನಮೂನೆಯಲ್ಲೂ ಕಾಲಮ್ಮಿಲ್ಲ.

ಜೊತೆಗೆ ದುಡಿಯುವವರ ನಡುವಿನ ಈ ಸಂಬಂಧವನ್ನು ಅಳೆದು ನೋಡಿದ ಅಧ್ಯಯನಗಳಿವೆ. ನನ್ನ ಮಟ್ಟಿಗೆ ಅವುಗಳಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಅಧ್ಯಯನ ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳದ್ದು. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಎರಡನೆಯ ಮಹಾಯುದ್ಧ ಮುಗಿದಿತ್ತು. 1947ರ ಜನವರಿ 1ರಂದು ಬ್ರಿಟನ್ನಿನ ಗಣಿಗಳು ಸರ್ಕಾರದ ಒಡೆತನಕ್ಕೆ ಬಂದವು. ದೇಶಕ್ಕೆ ಕಲ್ಲಿದ್ದಲು ಬೇಕಾಗಿತ್ತು, ಒಳ್ಳೆಯ ಯಂತ್ರಗಳೂ ಇದ್ದವು. ಆದರೆ ಯಂತ್ರಕ್ಕೆ ತಕ್ಕ ಹಾಗೆ ಉತ್ಪಾದನೆ ಏರಲಿಲ್ಲ. ಕೆಲಸಕ್ಕೆ ಗೈರುಹಾಜರಾಗುವವರು ಹೆಚ್ಚಿದರು, ಜಗಳಗಳು ಹೆಚ್ಚಿದವು. ಕಾರಣ ಹುಡುಕಲು ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎರಿಕ್ ಟ್ರಿಸ್ಟ್ ಮತ್ತು ಕೆನ್ ಬ್ಯಾಮ್‌ಫೋರ್ತ್ ಗಣಿಗೆ ಇಳಿದರು. ಬ್ಯಾಮ್‌ಫೋರ್ತ್ ತಾವೇ ಹಿಂದೆ ಗಣಿಯಲ್ಲಿ ದುಡಿದವರು. ಅವರಿಬ್ಬರು ಕಂಡದ್ದು 1951ರಲ್ಲಿ ಪ್ರಕಟವಾಯಿತು.

ಹಳೆಯ ಪದ್ಧತಿಯಲ್ಲಿ ಕಲ್ಲಿದ್ದಲು ಕಡಿಯುವ ಜಾಗದಲ್ಲಿ ಇಬ್ಬರಿರುತ್ತಿದ್ದರು. ಕಡಿಯುವವನು ಒಬ್ಬ, ಅವನ ಜೊತೆಗಾರ ಒಬ್ಬ. ತುಂಬಿದ್ದನ್ನು ಸಾಗಿಸಲು ಇನ್ನೊಬ್ಬ ಹುಡುಗ ಇದ್ದರೆ ಇದ್ದ. ತನ್ನ ಜೊತೆಗಾರ ಯಾರಾಗಬೇಕೆಂದು ಗಣಿಗಾರನೇ ಆರಿಸಿಕೊಳ್ಳುತ್ತಿದ್ದ. ಆಡಳಿತದೊಂದಿಗೆ ಗುತ್ತಿಗೆ ಮಾತಾಡುವವರೂ ಅವರೇ. ಕಡಿಯುವುದು, ತುಂಬುವುದು, ತಲೆಯ ಮೇಲಿನ ಬಂಡೆ ಕುಸಿಯದಂತೆ ಮರದ ಊರೆ ಕೊಡುವುದು, ಎಲ್ಲವೂ ಆ ಇಬ್ಬರದೇ. ಕತ್ತಲಲ್ಲಿ ಮಾಡಿನಿಂದ ಸಣ್ಣಗೆ ಚಟ್ ಎಂದ ಸದ್ದು ಬಂದರೆ ಯಾರು ಎತ್ತ ಸರಿಯಬೇಕು ಎಂಬುದು ಇಬ್ಬರಿಗೂ ಗೊತ್ತು. ಇಂಥ ಜೋಡಿಗಳು ಎಷ್ಟೋ ವರ್ಷ ಬೇರ್ಪಡದೆ ದುಡಿಯುತ್ತಿದ್ದವು. ಒಬ್ಬ ಗಾಯಗೊಂಡರೆ ಅಥವಾ ಸತ್ತರೆ ಇನ್ನೊಬ್ಬ ಅವನ ಮನೆಮಂದಿಯನ್ನು ನೋಡಿಕೊಂಡದ್ದೂ ಉಂಟು ಎಂದು ಟ್ರಿಸ್ಟ್ ಮತ್ತು ಬ್ಯಾಮ್‌ಫೋರ್ತ್ ಬರೆದಿದ್ದಾರೆ.

ಯಂತ್ರ ಬಂದ ಮೇಲೆ ಈ ಏರ್ಪಾಡು ಮುರಿಯಿತು. ಸುಮಾರು 200 ಗಜ ಉದ್ದದ ಒಂದೇ ಕಲ್ಲಿದ್ದಲ ಗೋಡೆ. ಅಲ್ಲಿ 40ರಷ್ಟು ಮಂದಿ, ಮೂರು ಪಾಳಿ. ಒಂದು ಪಾಳಿಯವರು ಗೋಡೆಯ ಬುಡವನ್ನು ಯಂತ್ರದಿಂದ ಕತ್ತರಿಸಿ ಕುಳಿ ಕೊರೆದು ಹೋಗುತ್ತಾರೆ. ಇನ್ನೊಂದು ಪಾಳಿಯವರು ದಾರಿ ಅಗಲಿಸಿ ಸಾಗಣೆಯ ಪಟ್ಟಿಯನ್ನು ಮುಂದಕ್ಕೆ ಸರಿಸುತ್ತಾರೆ. ಮತ್ತೊಂದು ಪಾಳಿಯವರು ಕಲ್ಲಿದ್ದಲನ್ನು ಪಟ್ಟಿಗೆ ತುಂಬುತ್ತಾರೆ. ತುಂಬುವವನಿಗೆ ಇಷ್ಟು ಗಜ ಎಂದು ಅಳೆದು ಕೊಟ್ಟ ಜಾಗ. ತಗ್ಗು ಮಾಡಿನ ಕೆಳಗೆ ಅವನು ಒಬ್ಬನೇ. ಒಂದು ಪಾಳಿಯವರ ಮುಖವನ್ನು ಇನ್ನೊಂದು ಪಾಳಿಯವರು ನೋಡುವುದೇ ಅಪರೂಪ. ಆದರೆ ಒಂದು ಪಾಳಿ ಉಳಿಸಿಹೋದ ಕೊರೆ ಮುಂದಿನ ಪಾಳಿಯ ತಲೆಗೆ ಬೀಳುತ್ತದೆ. ಬುಡ ಸರಿಯಾಗಿ ಕತ್ತರಿಸಿಲ್ಲ, ಊರೆ ಓರೆಯಾಗಿದೆ, ಪಟ್ಟಿ ಡೊಂಕಾಗಿದೆ. ಬೈಯೋಣವೆಂದರೆ ಮಾಡಿದವನು ಆಗಲೇ ಮನೆಗೆ ಹೋಗಿದ್ದಾನೆ. ಹೀಗೆ ಸಿಟ್ಟು ಪಾಳಿಯಿಂದ ಪಾಳಿಗೆ ಸಾಗಿತು. ಊರೆಯ ಮರಗಳ ವಿಷಯದಲ್ಲಿ ಸಣ್ಣಪುಟ್ಟ ಮೋಸಗಳು ಶುರುವಾದವು. ಪ್ರತಿಯೊಬ್ಬನೂ ತನ್ನ ಗಜ ತನಗೆ ಎನ್ನತೊಡಗಿದ. ಸಾಕಾದವನು ಮರುದಿನ ಕೆಲಸಕ್ಕೆ ಬರಲಿಲ್ಲ.

ಜನ ಅದೇ ಊರಿನವರು, ಬಹುಪಾಲು ಅವೇ ಮನೆತನಗಳವರು. ತಂದೆಯ ಕಾಲದಲ್ಲಿ ಜೊತೆಗಾರನ ಮಕ್ಕಳನ್ನು ಸಾಕಿದವರ ಮನೆಯಲ್ಲೇ ಹುಟ್ಟಿದವರು. ಅವರ ಗುಣ ಒಂದೇ ತಲೆಮಾರಿನಲ್ಲಿ ಕೆಟ್ಟುಹೋಯಿತು ಎಂದರೆ ನಾನು ಒಪ್ಪಲಾರೆ. ಕೆಟ್ಟದ್ದು ಕೆಲಸ ಹಂಚಿದ ರೀತಿ. ಒಬ್ಬರನ್ನೊಬ್ಬರು ನೋಡದ, ಆದರೆ ಒಬ್ಬರ ತಪ್ಪಿಗೆ ಇನ್ನೊಬ್ಬರು ಬೆಲೆ ತೆರುವ ಹಾಗೆ ಜನರನ್ನು ನಿಲ್ಲಿಸಿದರೆ ಸಂತರ ನಡುವೆಯೂ ಜಗಳ ಹುಟ್ಟುತ್ತದೆ.

ಇದಕ್ಕೆ ಪುರಾವೆಯೂ ಸಿಕ್ಕಿತು. 1950ರ ದಶಕದಲ್ಲಿ ಟ್ರಿಸ್ಟ್ ಮತ್ತು ಸಂಗಡಿಗರು ಡರಮ್ ಪ್ರಾಂತ್ಯದಲ್ಲಿ ಎರಡು ತಂಡಗಳನ್ನು ಹೋಲಿಸಿದರು. ಎರಡಕ್ಕೂ ಒಂದೇ ಕಲ್ಲಿದ್ದಲ ಪದರ, ಒಂದೇ ಬಗೆಯ ಯಂತ್ರ. ಒಂದು ಕಡೆ ಆಗಲೇ ಹೇಳಿದ ಹಾಗೆ ಒಡೆದು ಹಂಚಿದ ಕೆಲಸ. ಇನ್ನೊಂದು ಕಡೆ 40ರಷ್ಟು ಗಣಿಗಾರರು ತಮ್ಮ ತಂಡವನ್ನು ತಾವೇ ಕಟ್ಟಿಕೊಂಡಿದ್ದರು. ಯಾರು ಯಾವ ಪಾಳಿ, ಯಾರಿಗೆ ಯಾವ ಕೆಲಸ ಎಂದು ತಾವೇ ಸರದಿ ಮಾಡಿಕೊಳ್ಳುತ್ತಿದ್ದರು. ಹಿಂದಿನ ಪಾಳಿ ಎಲ್ಲಿ ಬಿಟ್ಟಿತೋ ಮುಂದಿನ ಪಾಳಿ ಅಲ್ಲಿಂದಲೇ ಎತ್ತಿಕೊಳ್ಳಬೇಕು. ಇದು ನನ್ನ ಕೆಲಸವಲ್ಲ ಎನ್ನುವ ಹಾಗಿಲ್ಲ. ಕೂಲಿ ಎಲ್ಲರದೂ ಒಂದೇ ಚೀಟಿಯಲ್ಲಿ ಬಂದು ಸಮನಾಗಿ ಹಂಚಿಕೆ. ಒಡೆದು ಹಂಚಿದ ಕಡೆ, ಆ ಜಾಗದಿಂದ ತೆಗೆಯಬಹುದಾದ ಕಲ್ಲಿದ್ದಲಿನಲ್ಲಿ ನೂರಕ್ಕೆ 78 ಪಾಲು ಬರುತ್ತಿತ್ತು. ಕೂಡಿ ಮಾಡಿದ ಕಡೆ 95 ಪಾಲು. ಗೈರುಹಾಜರಿ ಮೊದಲನೆಯದರಲ್ಲಿ ನೂರಕ್ಕೆ 20, ಎರಡನೆಯದರಲ್ಲಿ 8ರ ಆಸುಪಾಸು. ಯಾರಿಗೂ ನೀತಿಬೋಧೆ ಮಾಡಲಿಲ್ಲ, ಒಗ್ಗಟ್ಟಿನಲ್ಲಿ ಬಲವಿದೆ ಎಂದು ಗೋಡೆಯ ಮೇಲೆ ಬರೆಯಿಸಲಿಲ್ಲ. ಇಂದು ನಾನು ಕೆಟ್ಟದಾಗಿ ಬಿಟ್ಟುಹೋದ ಜಾಗಕ್ಕೆ ನಾಳೆ ನಾನೇ ಬರಬೇಕಾದೀತು ಎಂಬ ಏರ್ಪಾಡು ಇತ್ತು, ಅಷ್ಟೆ.

ಗಣಿಯ ಮಾತು ದೂರದ್ದೆನಿಸಿದರೆ ಆಸ್ಪತ್ರೆಗೆ ಬನ್ನಿ. ಆಸ್ಪತ್ರೆಯಲ್ಲಿ ಸಂಬಂಧ ಕೆಟ್ಟರೆ ಅದನ್ನು ಅನುಭವಿಸುವುದು ಹಾಸಿಗೆಯಲ್ಲಿ ಮಲಗಿರುವವರು.

ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಎರಡು ಆಸ್ಪತ್ರೆಗಳ ಎಂಟು ವಾರ್ಡುಗಳಲ್ಲಿ ದಾದಿಯರ ತಂಡಗಳನ್ನು ಗಮನಿಸಿದರು. ಔಷಧ ಕೊಡುವಲ್ಲಿ ಆಗುವ ತಪ್ಪುಗಳು ಅವರ ವಿಷಯ. ತಂಡದಲ್ಲಿ ಹೊಂದಾಣಿಕೆ ಚೆನ್ನಾಗಿದ್ದಷ್ಟೂ ತಪ್ಪು ಕಡಿಮೆ ಇರಬೇಕು ಎಂದು ನಾವೂ ನೀವೂ ಊಹಿಸುವಂತೆಯೇ ಅವರೂ ಊಹಿಸಿದ್ದರು. ಲೆಕ್ಕ ತೆಗೆದರೆ ತಿರುವುಮುರುವು. ಒಳ್ಳೆಯ ತಂಡಗಳಲ್ಲೇ ದಾಖಲಾದ ತಪ್ಪುಗಳು ಹೆಚ್ಚು! ಆಮೇಲೆ ವಾರ್ಡುಗಳಲ್ಲಿ ನಿಂತು ವಿಚಾರಿಸಿದಾಗ ವಿಷಯ ತಿಳಿಯಿತು. ಹಿರಿಯ ಸಿಸ್ಟರ ಬಳಿ ಹೋಗಿ ನನ್ನಿಂದ ಡೋಸ್ ತಪ್ಪಿತು ಎಂದು ಹೇಳಬಹುದಾದ ವಾರ್ಡುಗಳಲ್ಲಿ ತಪ್ಪುಗಳು ಬೆಳಕಿಗೆ ಬರುತ್ತಿದ್ದವು, ಅವುಗಳನ್ನು ತಿದ್ದಿಯೂ ಆಗುತ್ತಿತ್ತು. ಹೇಳಿದರೆ ಎಲ್ಲರೆದುರು ಮಾನ ಹೋಗುತ್ತದೆ ಎಂಬ ವಾರ್ಡುಗಳಲ್ಲಿ ಪುಸ್ತಕ ಸ್ವಚ್ಛವಾಗಿತ್ತು. ರೋಗಿಯಾಗಿ ನಾವು ಯಾವ ವಾರ್ಡಿನಲ್ಲಿ ಮಲಗಲು ಬಯಸುತ್ತೇವೆ, ಯೋಚಿಸಿ. ಮೇಲಿನಿಂದ ಬಂದ ತಪಾಸಣಾಧಿಕಾರಿ ಬಹುಮಾನ ಕೊಡುವುದು ಯಾವ ವಾರ್ಡಿಗೆ ಎಂಬುದನ್ನೂ ಯೋಚಿಸಿ. ಈ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ನಮ್ಮ ಎಷ್ಟೋ ಕಚೇರಿಗಳ ಸ್ವಚ್ಛವಾದ ರಿಜಿಸ್ಟರುಗಳನ್ನು ನೋಡುವಾಗ ನನಗೆ ಅದು ನೆನಪಾಗುತ್ತದೆ.

ಇನ್ನೊಂದು ಅಧ್ಯಯನ ಹೃದಯದ ಶಸ್ತ್ರಚಿಕಿತ್ಸಕರದ್ದು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಒಬ್ಬನೇ ಸರ್ಜನ್ ಹಲವು ಆಸ್ಪತ್ರೆಗಳಲ್ಲಿ ಆಪರೇಷನ್ ಮಾಡುವ ರೂಢಿಯಿದೆ. ರಾಬರ್ಟ್ ಹಕ್‌ಮನ್ ಮತ್ತು ಗ್ಯಾರಿ ಪಿಸಾನೊ ಎಂಬ ಇಬ್ಬರು ಸಂಶೋಧಕರು ಅಲ್ಲಿನ 1994 ಮತ್ತು 1995ರ ದಾಖಲೆಗಳನ್ನು, 200ಕ್ಕೂ ಹೆಚ್ಚು ಸರ್ಜನ್ನರದ್ದು, ತೆಗೆದು ನೋಡಿದರು. ಒಂದು ಆಸ್ಪತ್ರೆಯಲ್ಲಿ ಹೆಚ್ಚು ಆಪರೇಷನ್ ಮಾಡಿದಂತೆ ಅದೇ ಆಸ್ಪತ್ರೆಯಲ್ಲಿ ಆ ಸರ್ಜನ್ನರ ಫಲಿತಾಂಶ ಸುಧಾರಿಸುತ್ತಿತ್ತು. ಬೇರೆ ಆಸ್ಪತ್ರೆಗೆ ಹೋದರೆ ಆ ಸುಧಾರಣೆ ಅವರ ಜೊತೆಗೆ ಹೋಗುತ್ತಿರಲಿಲ್ಲ. ಕೈ ಅದೇ, ವಿದ್ಯೆ ಅದೇ. ಅರಿವಳಿಕೆ ಕೊಡುವವರು, ಕೇಳುವ ಮೊದಲೇ ಉಪಕರಣ ಕೈಗಿಡುವ ಸಿಸ್ಟರು, ಯಂತ್ರ ನೋಡಿಕೊಳ್ಳುವ ತಂತ್ರಜ್ಞರು ಬೇರೆ. ಕೈಗುಣ ಎಂದು ನಾವು ಒಬ್ಬರಿಗೆ ಕೊಡುವ ಕೀರ್ತಿಯಲ್ಲಿ ಪಕ್ಕದಲ್ಲಿ ನಿಂತವರ ಪಾಲು ಎಷ್ಟಿದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ಅಧ್ಯಯನವನ್ನು ನಾನು ಕಂಡಿಲ್ಲ.

ಹಾಗಾದರೆ ಜೊತೆಗಾರರು ಅನ್ಯೋನ್ಯವಾಗಿದ್ದರೆ ಸಾಕೆ, ಸಂಸ್ಥೆ ತಾನಾಗಿ ಉದ್ಧಾರವಾಗುತ್ತದೆಯೆ? ಆಗುವುದಿಲ್ಲ. ಅಮೆರಿಕದ ಷಿಕಾಗೊ ನಗರದ ಪಕ್ಕದ ಹಾಥಾರ್ನ್ ಕಾರ್ಖಾನೆಯಲ್ಲಿ 1931ರ ನವೆಂಬರಿನಿಂದ 1932ರ ಮೇ ತಿಂಗಳವರೆಗೆ ಒಂದು ಕೋಣೆಯಲ್ಲಿ 14 ಕೆಲಸಗಾರರನ್ನು ಗಮನಿಸಿದರು. ಟೆಲಿಫೋನ್ ಎಕ್ಸ್‌ಚೇಂಜಿನ ಉಪಕರಣಗಳಿಗೆ ತಂತಿ ಜೋಡಿಸುವ ಕೆಲಸ. ಅವರ ನಡುವೆ ಸ್ನೇಹಕ್ಕೆ ಕೊರತೆಯಿರಲಿಲ್ಲ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈಹಾಕುತ್ತಿದ್ದರು. ಆದರೆ ದಿನಕ್ಕೆ ಇಷ್ಟೇ ಮಾಡಬೇಕು ಎಂದು ತಮ್ಮತಮ್ಮಲ್ಲೇ ಗೆರೆ ಎಳೆದುಕೊಂಡಿದ್ದರು. ಗೆರೆ ದಾಟಿ ದುಡಿದವನಿಗೆ ರಟ್ಟೆಯ ಮೇಲೆ ಗುದ್ದು. ಅದು ಆರ್ಥಿಕ ಕುಸಿತದ ಕಾಲ. ಹೆಚ್ಚು ಮಾಡಿ ತೋರಿಸಿದರೆ ಮಾಲೀಕರು ಕೂಲಿಯ ದರ ಇಳಿಸುತ್ತಾರೆ, ಇಲ್ಲವೆ ನಮ್ಮಲ್ಲೇ ಕೆಲವರನ್ನು ಮನೆಗೆ ಕಳಿಸುತ್ತಾರೆ ಎಂಬ ಭಯ ಅವರದಾಗಿತ್ತು. ಆ ಭಯಕ್ಕೆ ಆಧಾರವಿರಲಿಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ. ಪಕ್ಕದವರ ಜೊತೆಗಿನ ನಂಟು ಗಟ್ಟಿಯಾಗಿ, ಮೇಲಿನವರ ಮೇಲಿನ ನಂಬಿಕೆ ಸತ್ತಿದ್ದರೆ ಆ ನಂಟು ಕೋಟೆಯಾಗುತ್ತದೆ. ನಮ್ಮಲ್ಲಿ ಒಂದು ವಿಭಾಗದವರೆಲ್ಲ ಸೇರಿ ಒಬ್ಬರ ತಪ್ಪನ್ನು ಮುಚ್ಚುವುದು, ಹೊರಗಿನವರು ಕೇಳಿದರೆ ಎಲ್ಲರದೂ ಒಂದೇ ಮಾತಾಗುವುದು, ಇದೇ ಜಾತಿಯದು.

ಈಗ ನಮ್ಮ ಕಚೇರಿಗಳಿಗೆ ಬರೋಣ. ನಾನು ಕೆಲಸ ಮಾಡಿದ ಒಂದು ಕಚೇರಿಯಲ್ಲಿ ಒಬ್ಬ ಕೇಸ್ ವರ್ಕರು ಮತ್ತು ಅವರ ಮೇಲಿನವರು ಮಾತು ಬಿಟ್ಟಿದ್ದರು. ಇಬ್ಬರೂ ಕೆಲಸ ಬಲ್ಲವರೇ, ಲಂಚ ಮುಟ್ಟದವರೇ. ಇಬ್ಬರ ಮೇಜಿನ ನಡುವೆ ಒಂದು ಬೀರುವಿನಷ್ಟು ಜಾಗ. ಒಬ್ಬ ವಿಧವೆಯ ಕುಟುಂಬ ಪಿಂಚಣಿಯ ಕಡತ. ಕೆಳಗಿನಿಂದ ಮೇಲೆ ಹೋಗುತ್ತದೆ, ‘ಪರಿಶೀಲಿಸಿ ಮಂಡಿಸಿ’ ಎಂದು ಕೆಳಗೆ ಬರುತ್ತದೆ. ಏನನ್ನು ಪರಿಶೀಲಿಸಬೇಕು ಎಂದು ಬರೆದಿಲ್ಲ. ಎದ್ದು ಹೋಗಿ ‘ಏನು ಸಾರ್ ಬೇಕಿತ್ತು’ ಎಂದು ಕೇಳಿದ್ದರೆ ಆಗುತ್ತಿತ್ತು. ಕೇಳುವುದಿಲ್ಲ. ನಿಯಮದ ಸಂಖ್ಯೆ ಉಲ್ಲೇಖಿಸಿ ಅದೇ ವಿಷಯವನ್ನು ಇನ್ನೊಂದು ಪುಟ ಬರೆದು ಮೇಲೆ ಕಳಿಸುತ್ತಾರೆ. ಅದು ‘ಕಂಡಿಕೆ 14ರಂತೆ ಕ್ರಮವಹಿಸಿ’ ಎಂದು ಮತ್ತೆ ಇಳಿಯುತ್ತದೆ. ಹುಡುಕಿದರೆ ಆ ಕಂಡಿಕೆಯಲ್ಲಿ ಇರುವುದೂ ‘ಪರಿಶೀಲಿಸಿ ಮಂಡಿಸಿ’ ಎಂಬುದೇ. ಬೇಕಾಗಿದ್ದದ್ದು ಹುಟ್ಟಿದ ದಿನಾಂಕದ ಒಂದು ದಾಖಲೆ. ಆ ತಾಯಿ ಬಾಗಿಲ ಹತ್ತಿರದ ಬೆಂಚಿನಲ್ಲಿ ಸೆರಗಿನ ತುದಿಯಲ್ಲಿ ಬಸ್ಸಿನ ದುಡ್ಡು ಕಟ್ಟಿಕೊಂಡು ಕುಳಿತಿರುತ್ತಿದ್ದರು. ‘ನಿಮ್ಮ ಫೈಲು ಮೂವ್ ಆಗಿದೆ ಅಮ್ಮ, ಮುಂದಿನ ವಾರ ಬನ್ನಿ’ ಎಂಬ ಉತ್ತರ ಸಿಗುತ್ತಿತ್ತು. ಅದು ನಿಜವೂ ಆಗಿತ್ತು. ಕಡತ ದಿನವೂ ಓಡಾಡುತ್ತಿತ್ತು. ಆ ಇಬ್ಬರಲ್ಲಿ ಯಾರನ್ನು ಪ್ರತ್ಯೇಕವಾಗಿ ತಪಾಸಣೆ ಮಾಡಿದರೂ ಬಾಕಿ ಕಡತ ಒಂದೂ ಸಿಗುತ್ತಿರಲಿಲ್ಲ.

ಇಬ್ಬರಿಗೂ ಹಿತವಚನ ಹೇಳಿದವರು ಬಹಳ ಮಂದಿ. ಸನ್ಮಾನ ಸಮಾರಂಭದಲ್ಲಿ ಇಬ್ಬರನ್ನೂ ಒಂದೇ ಸೋಫಾದಲ್ಲಿ ಕೂರಿಸಿದ್ದೂ ಆಯಿತು. ಕೊನೆಗೆ ಉಪಯೋಗಕ್ಕೆ ಬಂದದ್ದು ಹೊಸದಾಗಿ ಬಂದ ಅಧಿಕಾರಿಯೊಬ್ಬರ ಒಂದು ಸಣ್ಣ ಆದೇಶ. ಒಮ್ಮೆ ಹಿಂದಕ್ಕೆ ಬಂದ ಪಿಂಚಣಿಯ ಕಡತವನ್ನು ಇಬ್ಬರೂ ಸೇರಿ ತಮ್ಮ ಕೋಣೆಗೆ ತರಬೇಕು, ಟಿಪ್ಪಣಿ ಬೇಡ, ಬಾಯಲ್ಲಿ ಹೇಳಬೇಕು ಎಂದು ಅವರು ಬುಧವಾರದ ಮಧ್ಯಾಹ್ನ ಗೊತ್ತುಮಾಡಿದರು. ಅಧಿಕಾರಿಯ ಎದುರು ಜೊತೆಗೆ ನಿಲ್ಲಬೇಕಾದಾಗ ಮೊದಲೇ ಒಂದು ಮಾತು ಆಡಿಕೊಂಡು ಹೋಗುವುದು ಅನಿವಾರ್ಯವಾಯಿತು. ಅವರಿಬ್ಬರು ಗೆಳೆಯರಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಆ ತಾಯಿಗೆ ಪಿಂಚಣಿ ಬಂತು. ಹಾಗೆ ಕಾಯುತ್ತಿದ್ದ ಇನ್ನೂ ಹಲವರಿಗೆ ಬಂತು.

ಸಂಬಂಧ ಸುಧಾರಿಸಬೇಕೆಂದರೆ ನಮ್ಮ ಸಂಸ್ಥೆಗಳು ತಕ್ಷಣ ಒಂದು ತರಬೇತಿ ಶಿಬಿರ ಏರ್ಪಡಿಸುತ್ತವೆ. ರೆಸಾರ್ಟಿನಲ್ಲಿ ಎರಡು ದಿನ ಆಟ, ಹಾಡು, ಭಾಷಣ. ಸೋಮವಾರ ಮತ್ತೆ ಅದೇ ಮೇಜು, ಒಬ್ಬರನ್ನೊಬ್ಬರು ದೂರುವ ಹಾಗೆ ಮಾಡುವ ಅದೇ ನಮೂನೆಗಳು. ಇಂಥ ಶಿಬಿರಗಳಲ್ಲಿ ನನಗೆ ನಂಬಿಕೆಯಿಲ್ಲ. ಡೀಸೆಲಿನ ಲೆಕ್ಕ ಒಬ್ಬರಿಗೆ, ಟಿಕೆಟ್ಟಿನ ಲೆಕ್ಕ ಇನ್ನೊಬ್ಬರಿಗೆ ಎಂದು ಒಡೆದಿಟ್ಟು ಸ್ನೇಹದಿಂದಿರಿ ಎಂದು ಬೋಧಿಸುವ ಬದಲು, ಒಂದು ಬಸ್ಸಿನ ಲಾಭನಷ್ಟದಲ್ಲಿ ಸ್ವಲ್ಪ ಪಾಲನ್ನಾದರೂ ಇಬ್ಬರ ಹೆಸರಿನಲ್ಲಿ ಒಟ್ಟಿಗೆ ಬರೆಯಬಾರದೆ?

ವರ್ಗಾವಣೆಯ ಬಗ್ಗೆಯೂ ಒಂದು ಮಾತು. ಬೇಸಿಗೆ ಮುಗಿಯುವ ಹೊತ್ತಿಗೆ ನಮ್ಮಲ್ಲಿ ವರ್ಗಾವಣೆಯ ಪಟ್ಟಿ ಬರುತ್ತದೆ. ಒಂದೇ ಜಾಗದಲ್ಲಿ ಬಹಳ ಕಾಲ ಒಟ್ಟಿಗೆ ಇದ್ದವರು ಕೈ ಜೋಡಿಸಿ ಹಣ ನುಂಗಬಹುದು ಎಂಬುದು ಅದರ ಹಿಂದಿನ ಒಂದು ಆಲೋಚನೆ. ಹಣ ಓಡಾಡುವ ಮೇಜುಗಳಲ್ಲಿ ಅದು ಸರಿಯಾದದ್ದೇ, ಅಲ್ಲಿ ಬದಲಾಯಿಸುತ್ತಲೇ ಇರಬೇಕು. ಆದರೆ ಹೆರಿಗೆ ಕೋಣೆಯಲ್ಲಿ ಪಳಗಿದ ಡಾಕ್ಟರು ಮತ್ತು ಸಿಸ್ಟರು, ಒಂದೇ ಶಾಲೆಯಲ್ಲಿ ಒಂದನೆಯ ಮತ್ತು ಎರಡನೆಯ ತರಗತಿಯನ್ನು ಹೊಂದಿಸಿಕೊಂಡು ಕಲಿಸುವ ಇಬ್ಬರು ಮೇಡಮ್ಮಂದಿರು, ವಿದ್ಯುತ್ ಕಂಬ ಹತ್ತುವ ಲೈನ್‌ಮನ್ ಮತ್ತು ಕೆಳಗೆ ಲೈನ್ ಬಂದ್ ಮಾಡಿಸಿ ಕಾಯುವ ಅವನ ಜೊತೆಗಾರ, ಇವರನ್ನೂ ಅದೇ ಲೆಕ್ಕದಲ್ಲಿ ಚದುರಿಸುತ್ತೇವೆ. ಕಂಬದ ಮೇಲಿರುವವನ ಜೀವ ಕೆಳಗಿರುವವನ ಒಂದು ಫೋನ್ ಕರೆಯಲ್ಲಿರುತ್ತದೆ. ಹೊಸಬ ಬಂದ ಮೊದಲ ವಾರವೇ ಅವನನ್ನು ಆ ಜಾಗದಲ್ಲಿ ನಿಲ್ಲಿಸುವುದು ಎಷ್ಟು ದೊಡ್ಡ ವಿಷಯ ಎಂಬುದು ಪಟ್ಟಿ ಮಾಡುವವರಿಗೆ ಕಾಣುವುದಿಲ್ಲ.

ವರ್ಗಾವಣೆ ಆಗಲೇಬೇಕಾದರೆ ಆಗಲಿ. ಈಗ ನಡೆಯುವ ಪ್ರಭಾರ ಹಸ್ತಾಂತರವನ್ನು ನೋಡಿ. ಬೀಗದ ಕೈ ಎಷ್ಟು, ಮೊಹರು ಎಷ್ಟು, ಕುರ್ಚಿ ಮೇಜು ಎಷ್ಟು ಎಂದು ಎಣಿಸಿ ಇಬ್ಬರೂ ಸಹಿ ಹಾಕುತ್ತಾರೆ. ಎಷ್ಟೋ ಸಲ ಹೊಸಬರು ಬರುವ ಮೊದಲೇ ಹಳಬರು ಬಿಡುಗಡೆಯಾಗಿ ಹೋಗಿರುತ್ತಾರೆ. ಸಹಿ ಕೂಡ ಮೂರನೆಯವರ ಮುಖಾಂತರ. ಯಾವ ರೈತರ ಅರ್ಜಿ ಯಾಕೆ ನಿಂತಿದೆ, ಯಾರಿಗೆ ಏನು ಮಾತು ಕೊಟ್ಟಿದೆ, ಪಕ್ಕದ ಮೇಜಿನವರ ಜೊತೆ ಯಾವ ಕೆಲಸವನ್ನು ಹೇಗೆ ಹಂಚಿಕೊಂಡಿತ್ತು ಎಂಬುದು ಹೋದವರ ಜೊತೆಗೇ ಹೋಗುತ್ತದೆ. ಆ ಕಚೇರಿ ಪ್ರತಿ ಮಳೆಗಾಲವೂ ಹೊಸದಾಗಿ ಕಲಿಯಲು ಕೂರುತ್ತದೆ. ಹೋಗುವವರು ಮತ್ತು ಬರುವವರು ಕನಿಷ್ಠ ಮೂರು ದಿನ ಒಂದೇ ಮೇಜಿನಲ್ಲಿ, ಅಕ್ಕಪಕ್ಕದವರನ್ನೂ ಕೂರಿಸಿಕೊಂಡು, ಕೆಲಸ ಒಪ್ಪಿಸಿಕೊಳ್ಳಬೇಕು ಎಂದು ಬಿಡುಗಡೆಯ ಆದೇಶದಲ್ಲಿ ಒಂದು ಸಾಲು ಸೇರಿಸಬಹುದು. ಅದಕ್ಕೆ ಹೊಸ ಹುದ್ದೆ ಬೇಡ, ಅನುದಾನ ಬೇಡ. ಒಬ್ಬ ಇಲಾಖಾ ಮುಖ್ಯಸ್ಥರ ಒಂದು ಸಹಿ ಸಾಕು, ಮುಂದಿನ ಪಟ್ಟಿಯಿಂದಲೇ ಶುರುಮಾಡಬಹುದು.